ವಲ್ಲಿಯ ಕೆಳಗೆ ಹೋದ ಕೈ

ನನ್ನ ಅಂಗಿಗಳಿಗೆಲ್ಲ ತೋಳು ಗಿಡ್ಡ. ದರ್ಜಿ ಬದಲಾದಾಗಲೆಲ್ಲ ಈ ಮಾತನ್ನು ಹೊಸದಾಗಿ ಹೇಳಬೇಕಾಗುತ್ತದೆ: ಮೊಣಕೈ ದಾಟಬಾರದು. ಸಭೆಗಳಲ್ಲಿ ಯಾರಾದರೂ ಶಾಲು ಹೊದಿಸಿದರೆ ವೇದಿಕೆಯ ಮೇಲೆಯೇ ಮಡಚಿ ಪಕ್ಕದವರ ಕೈಗೆ ಕೊಡುತ್ತೇನೆ. ಇದನ್ನು ಕೆಲವರು ಸರಳತೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ರಾಜಕೀಯದಲ್ಲಿರುವವನಿಗೆ ಅದರಿಂದ ನಷ್ಟವೇನಿಲ್ಲ. ನಿಜವಾದ ಕಾರಣ ಬೇರೆ. ಸಿಂಧನೂರಿನಲ್ಲಿ ರೈತರ ಕಾಳುಕಡಿ ಮಾರಿಕೊಡುವ ಒಂದು ಅಡತಿ ಅಂಗಡಿಯ ಮೆಟ್ಟಿಲ ಮೇಲೆ, ಮೋಡ ಕವಿದ ಒಂದು ಮಧ್ಯಾಹ್ನ, ನಲವತ್ತು ಹಮಾಲರ ಕಣ್ಣೆದುರಿಗೆ ನನ್ನ ಬಲಗೈ ಒಂದು ಬಟ್ಟೆಯ ಕೆಳಗೆ ಹೋಯಿತು. ಅಲ್ಲಿಂದ ಹೊರಗೆ ಬರಲು ಅದಕ್ಕೆ ನಾಲ್ಕೈದು ವರ್ಷ ಹಿಡಿಯಿತು.

ನಮ್ಮ ಕಡೆ ಹೆಗಲ ಮೇಲಿನ ಬಟ್ಟೆಗೆ ವಲ್ಲಿ ಅನ್ನುತ್ತಾರೆ. ಬೆವರು ಒರೆಸಲು, ಬುತ್ತಿ ಕಟ್ಟಲು, ಬಿಸಿಲಿಗೆ ತಲೆಗೆ ಸುತ್ತಲು ಅದೇ. ಮಸ್ಕಿಯ ಸಂತೆಯಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಎತ್ತು ಮಾರುವವನ ದಲ್ಲಾಳಿ, ಕೊಳ್ಳುವವನ ದಲ್ಲಾಳಿ ಎದುರುಬದುರು ನಿಂತು, ಇಬ್ಬರ ಬಲಗೈ ಮೇಲೆ ಒಂದು ವಲ್ಲಿ ಹಾಕಿಕೊಂಡು, ಅದರ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಬಾಯಲ್ಲಿ ಮಳೆ, ಮೇವು, ಮಗಳ ಮದುವೆ, ಕೈಯಲ್ಲಿ ವ್ಯಾಪಾರ. ಎರಡು ಬೆರಳು ಹಿಡಿದು ಮೂರನೆಯದರ ನಡುಗೆಣ್ಣಿನ ಮೇಲೆ ಉಗುರಿಟ್ಟರೆ ಎರಡೂವರೆ. ಮೂರನೆಯದನ್ನು ಪೂರ್ತಿ ಹಿಡಿದರೆ ಮೂರು. ಹೆಬ್ಬೆರಳು ಅದುಮಿದರೆ 'ನಿನಗೂ ಬೇರೆ ಏನೋ ಉಂಟು' ಅಂತ ಅರ್ಥ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು, ಅದಕ್ಕೇ ಆ ಬಟ್ಟೆ.

ನಾನಾಗ ಮಸ್ಕಿಯ ಅಂಗಡಿಗಳಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದೆ. ನನ್ನ ವಲ್ಲಿ ಅಗಲವಾದದ್ದು, ಅವ್ವ ಎರಡು ಪಟ್ಟಿ ಜೋಡಿಸಿ ಹೊಲಿದದ್ದು. ಸಂತೆಯ ದಿನ ದಲ್ಲಾಳಿಗಳು "ಏ, ನಿನ್ನ ವಲ್ಲಿ ಕೊಡಲೇ" ಅಂತ ಕಸಿದುಕೊಳ್ಳುತ್ತಿದ್ದರು. ವಲ್ಲಿ ವಾಪಸು ಬರುವವರೆಗೆ ನಾನು ಅಲ್ಲಿಯೇ ನಿಲ್ಲಬೇಕಲ್ಲ. ನಿಂತು ನಿಂತು, ಬಟ್ಟೆಯ ಮೇಲೆ ಏಳುವ ಸುಕ್ಕು ನೋಡಿಯೇ ಒಳಗಿನ ಬೆರಳು ಎಣಿಸಲು ಕಲಿತೆ. ಹೆಬ್ಬೆರಳಿನ ಸುಕ್ಕು ಬೇರೆ ಥರ, ಬದಿಯಿಂದ ಮೇಲಕ್ಕೆ ಏಳುತ್ತದೆ. ವರ್ಷದೊಳಗೆ ನಾನೇ ಸಣ್ಣಪುಟ್ಟ ಎತ್ತುಗಳ ದಲ್ಲಾಳಿಯಾದೆ. ಯಾರೂ ಕರೆದು ಕಲಿಸಲಿಲ್ಲ. ಈಗ ನನ್ನ ಬಳಿ ಸಲಹೆಗೆ ಬರುವವರಿಗೆ ಇದನ್ನು ಹೇಳುತ್ತಿರುತ್ತೇನೆ: ನಿಮ್ಮಿಂದ ಒಂದು ವಸ್ತು ಯಾರಾದರೂ ಕಡ ಕೇಳಿದರೆ ಕೊಟ್ಟು ಮನೆಗೆ ಹೋಗಬೇಡಿ, ಅದರಿಂದ ಏನು ಮಾಡುತ್ತಾರೆ ನಿಂತು ನೋಡಿ.

ಆ ಅಂಗಡಿಗಳಲ್ಲಿ ನಮ್ಮ ಹಮಾಲರ ಟೋಳಿಗೆ ಜಮಾದಾರರು ಒಬ್ಬ ಮುಸಲ್ಮಾನರು, ನಮಗೆಲ್ಲ ಚಾಚಾ. ನನಗೆ ಭಾರ ಹೊರಲು ಕಲಿಸಿದವರು ಅವರೇ. ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ಹಲಗೆ ಹತ್ತುವಾಗ ಉಸಿರು ಬಿಡು, ಹಿಡಿಯಬೇಡ. ಪೊಲೀಸ್ ಆ್ಯಕ್ಷನ್ ಆಗಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನಗಳಲ್ಲಿ ಯಾರು ಯಾರ ಮನೆ ಮೇಲೆ ಬೀಳುತ್ತಾರೋ ಗೊತ್ತಾಗದಂತಾಗಿತ್ತು. ಚಾಚಾ, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಹದಿನೈದು ದಿನ ನಮ್ಮ ಒಳಗೋಣೆಯಲ್ಲಿದ್ದರು. ರೊಟ್ಟಿ ಬಡಿಯುವ ಸಪ್ಪಳ ಹೆಚ್ಚು ಹೊತ್ತು ಕೇಳಿದರೆ ನೆರೆಯವರು ಮನೆಯಲ್ಲಿ ಎಷ್ಟು ಜನ ಅಂತ ಅಂದಾಜು ಮಾಡುತ್ತಾರೆಂದು ಅವ್ವ ಅರ್ಧ ರೊಟ್ಟಿ ನಮ್ಮ ಮನೆಯಲ್ಲಿ ಬಡಿದು, ಇನ್ನರ್ಧ ತನ್ನ ಅಕ್ಕನ ಮನೆಗೆ ಹೋಗಿ ಬಡಿದು, ಸೆರಗಿನಲ್ಲಿ ಮುಚ್ಚಿ ತರುತ್ತಿದ್ದಳು.

ಒಂದು ದಿನ ನಾಲ್ಕು ಜನ ಬಾಗಿಲಿಗೆ ಬಂದರು.

"ಒಳಗ ಯಾರದಾರಲೇ?"

"ನಮ್ಮ ತಂಗಿ ಅದಾಳ್ರೀ. ಅಮ್ಮ ಬಂದಾಳ, ಮೈತುಂಬ ಎದ್ದಾವ. ಬರ್ರಿ, ನೋಡಕೊಂಡು ಹೋಗ್ರಿ," ಅಂದು ನಾನೇ ಬಾಗಿಲು ಪೂರ್ತಿ ತೆರೆದೆ.

ಸಿಡುಬು ಅಂದರೆ ಆಗ ಎಂಥವನೂ ಹಿಂದೆ ಸರಿಯುತ್ತಿದ್ದ. ಅವರೂ ಸರಿದರು. ಒಳಗೆ ಬಂದಾಗ ಚಾಚಾ ಕಾಳು ತುಂಬುವ ಹಗೇವಿನ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಕೂತಿದ್ದರು. ನನ್ನ ಕೈ ಹಿಡಿದು, "ಬೇಟಾ, ಇನ್ನು ನಿನ್ನ ಮಾತಿಗಿ ನಾ ಎದರು ಮಾತಾಡಂಗಿಲ್ಲ," ಅಂದರು. ಮುಂದೆ ಆ ಮಾತು ಅವರಿಗೆ ನಡೆಸಲಾಗಲಿಲ್ಲ. ನಡೆಸದಿದ್ದದ್ದೇ ಒಳ್ಳೆಯದಾಯಿತು ಅಂತ ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಎರಡು ವರ್ಷ ಕಳೆದ ಮೇಲೆ ಚಾಚಾ ಸಿಂಧನೂರಿಗೆ ಹೋದರು. ನಾನೂ ಹಿಂದೆಯೇ ಹೋದೆ. ಕಾಲುವೆ ಇನ್ನೂ ಅಗೆಯುತ್ತಿದ್ದರು, ನೀರು ಬಂದಿರಲಿಲ್ಲ. ಈಗಿನ ಭತ್ತದ ಊರಲ್ಲ ಅದು. ಜೋಳ, ಹತ್ತಿ, ಶೇಂಗಾ. ಅಲ್ಲಿ ಹಮಾಲರ ಸಂಘ ಕಟ್ಟಿದೆವು. ನನ್ನನ್ನು ಮುಂದಾಳು ಮಾಡಿದ್ದು ನನ್ನ ಬೆನ್ನಿನ ಬಲ ನೋಡಿ ಅಲ್ಲ. "ಇವಗ ಸಾವ್ಕಾರ್ರ ಕೈಭಾಷೆ ಬರತೈತಿ, ಇವನ್ನ ಯಾರೂ ಮೋಸ ಮಾಡಂಗಿಲ್ಲ," ಅಂತ ಹೇಳಿ ಎಬ್ಬಿಸಿದವರು ಚಾಚಾ.

ಜಗಳ ಇದ್ದದ್ದು ಚೀಲದ ತೂಕಕ್ಕೆ. ಕೂಲಿ ಚೀಲದ ಮೇಲೆ. ಚೀಲ ದೊಡ್ಡದಾದಷ್ಟೂ ಸಾಹುಕಾರರಿಗೆ ಲಾಭ. ಒತ್ತಿ ಒತ್ತಿ ತುಂಬಿ ಮೂರು ಮಣಕ್ಕೆ ತಂದಿದ್ದರು, ಈಗಿನ ನೂರು ಕಿಲೋ ದಾಟುವ ಭಾರ. ಅದನ್ನು ಹೊತ್ತು, ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಥಪ್ಪಿಗೆ ಓರೆಯಾಗಿ ಇಟ್ಟ ಹಲಗೆ ಹತ್ತಬೇಕು. ಚಾಚಾನ ಎಡಮಂಡಿ ಆಗಲೇ ಹೋಗಿತ್ತು. ಹಲಗೆಯ ನಡುವೆ ಒಮ್ಮೆ ನಿಲ್ಲುತ್ತಿದ್ದರು, ಹಿಂದಿನವನು ಬೈಯದೆ ತಾನೂ ನಿಲ್ಲುತ್ತಿದ್ದ. ಅದನ್ನು ನಾವು ದುಡಿಯುತ್ತಿದ್ದ ಅಡತಿ ಅಂಗಡಿಯ ಸಾಹುಕಾರ ನೋಡಿದ. "ಮುಂದಿನ ಸುಗ್ಗಿಗೆ ಹಲಗಿ ಹತ್ತಲಾರದವರು ಬ್ಯಾಡಪ್ಪಾ," ಅಂದ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎರಡೂವರೆ ಮಣದ ಚೀಲವಾದರೆ ಚಾಚಾ ಇನ್ನೂ ನಾಲ್ಕು ವರ್ಷ ಹೊರಬಲ್ಲರು. ಮೂರೇ ಉಳಿದರೆ ಆ ಸುಗ್ಗಿಯೇ ಕೊನೆ. ಇಬ್ಬರು ಹೆಣ್ಣುಮಕ್ಕಳ ಮದುವೆ ಇನ್ನೂ ಆಗಿರಲಿಲ್ಲ.

ಜೋಳ ಬರುವ ಹೊತ್ತಿಗೆ ಹರತಾಳ ಹೂಡಿದೆವು. ಎರಡೂವರೆ ಮಣ, ಅದಕ್ಕಿಂತ ಹೆಚ್ಚಿದ್ದ ಚೀಲ ಎತ್ತುವುದಿಲ್ಲ. ಅಂಗಡಿಯ ಎದುರಿನ ಬಯಲಿನಲ್ಲಿ ತುಂಬಿದ ಚೀಲಗಳು ಬಿಸಿಲಿಗೆ ಬಿದ್ದಿದ್ದವು. ಹಳ್ಳಿಗಳಿಂದ ಬಂದ ಗಾಡಿಗಳು ಇಳಿಸುವವರಿಲ್ಲದೆ ಸಾಲುಗಟ್ಟಿ ನಿಂತಿದ್ದವು. ಎಂಟನೆಯ ದಿನ ಆಕಾಶದ ಬಣ್ಣ ಬದಲಾಯಿತು. ಅಕಾಲದ ಮೋಡ. ಜೋಳ ಒಮ್ಮೆ ನೆನೆದರೆ ಕಪ್ಪಾಗುತ್ತದೆ, ಆಮೇಲೆ ಯಾರೂ ಮೂಸಿ ನೋಡುವುದಿಲ್ಲ. ಅವರಿಗೆ ಮೋಡದ ಭಯ, ನಮಗೆ ಒಲೆಯ ಭಯ. ಕೆಲವರ ಮನೆಯಲ್ಲಿ ಅಂಬಲಿಯೂ ತೆಳ್ಳಗಾಗಿತ್ತು.

ಅದೇ ದಿನ ನಡುಮಧ್ಯಾಹ್ನ ಗೊರೇಬಾಳದ ದಾರಿಯಲ್ಲಿ ಧೂಳೆದ್ದಿತು. ಕಾಲುವೆ ಅಗೆಯುವ ಜನ, ಮೂವತ್ತು ನಲವತ್ತು ಮಂದಿ, ತಲೆಗೆ ಬಟ್ಟೆ ಸುತ್ತಿಕೊಂಡು ಬರುತ್ತಿದ್ದರು. ಸಾಹುಕಾರ ಕರೆಸಿದ್ದ. ನಮ್ಮವರು ಕೊಕ್ಕೆಗಳನ್ನು ಕೈಗೆ ತೆಗೆದುಕೊಂಡರು. ಚೀಲಕ್ಕೆ ಹಾಕುವ ಕಬ್ಬಿಣದ ಕೊಕ್ಕೆ ಮನುಷ್ಯನ ಮೈಗೆ ಬಿದ್ದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ದೊಡ್ಡ ಮೀಸೆಯ ಒಬ್ಬ ಹಮಾಲ, ಬಾಯಿ ಬಹಳ ಚೂಪು, ಮುಂದೆ ಹೋಗಿ ನಿಂತ.

"ಕೊಕ್ಕಿ ಕೆಳಗ ಇಡು," ಅಂದೆ.

"ಇಟ್ಟು? ಹೂವಿನ ಹಾರ ಹಾಕ್ಲೇನು?"

"ಇಡು ಮೊದಲ. ಒಂದು ಚೀಲ ಎತ್ತಸ್ತೀನಿ ಅವರ ಕೈಲೆ."

ಅವರ ಮೇಸ್ತ್ರಿಯನ್ನು ಬೇವಿನ ಗಿಡದ ಕೆಳಗೆ ತಡೆದೆ. "ಮಾಕು ಪನಿ ಕಾವಾಲಿ ಅಣ್ಣಾ," ಅಂದ, ನಮಗೆ ಕೆಲಸ ಬೇಕು ಅಂತ. ಮುಖದಲ್ಲಿ ಹಟವಿರಲಿಲ್ಲ, ಹಸಿವಿತ್ತು. ನಾನು ಜಗಳ ತೆಗೆಯಲಿಲ್ಲ. "ಬ್ಯಾಡ ಅನ್ನಂಗಿಲ್ಲ. ನಿಮ್ಮಾಗ ಗಟ್ಟಿ ಯಾರದಾನ, ಅವನ್ನ ಕರೀರಿ. ಒಂದು ಚೀಲ ಥಪ್ಪಿ ಮ್ಯಾಲೆ ಇಡಲಿ. ಇಟ್ಟ ಅಂದ್ರ ದಾರಿ ಬಿಡತೀವಿ," ಅಂದೆ. ನನ್ನ ಹಿಂದೆ ನಮ್ಮವರು ಗೊಣಗಿದರು. ಆಳೆತ್ತರದ ಒಬ್ಬ ಮುಂದೆ ಬಂದ. ಗುದ್ದಲಿ ಹಿಡಿದ ತೋಳು, ಒಳ್ಳೆಯ ಎದೆ. ನಾಲ್ವರು ಚೀಲ ಎತ್ತಿ ಅವನ ಬೆನ್ನಿಗಿಟ್ಟರು. ಹತ್ತು ಹೆಜ್ಜೆ ನಡೆದ. ಹಲಗೆಯ ಮೇಲೆ ಮೂರು ಹೆಜ್ಜೆ ಇಟ್ಟ. ನಾಲ್ಕನೆಯದಕ್ಕೆ ಕಾಲು ನಡುಗಿ ಬದಿಗೆ ವಾಲಿದ. ಚಾಚಾ ಕುಂಟುತ್ತಲೇ ಓಡಿ ಚೀಲಕ್ಕೆ ಹೆಗಲು ಕೊಡದಿದ್ದರೆ ಅವನ ಕುತ್ತಿಗೆ ಉಳಿಯುತ್ತಿರಲಿಲ್ಲ. ಮೇಸ್ತ್ರಿ ಚೀಲವನ್ನೊಮ್ಮೆ, ಚಾಚಾನ ಬಿಳಿ ಗಡ್ಡವನ್ನೊಮ್ಮೆ ನೋಡಿದ. ತನ್ನವರಿಗೆ ಏನೋ ಹೇಳಿದ. ಬಂದ ದಾರಿಯಲ್ಲಿಯೇ ತಿರುಗಿದರು.

ಅಲ್ಲಿಗೆ ನಾವು ಗೆದ್ದಿದ್ದೆವು. ಮರುದಿನ ಮಧ್ಯಾಹ್ನ ಸಾಹುಕಾರನೇ ಅಂಗಡಿಯ ಮೆಟ್ಟಿಲಿಗೆ ಬಂದು ಕರೆದ.

"ಬಾರಪ್ಪಾ ಲೀಡರಾ. ಬಯಲಾಗ ನಿಂತು ಯಾಕ ಮಾತಾಡೂದು, ಮ್ಯಾಲ ಬಾ."

ನಲವತ್ತು ಹಮಾಲರು ಬಯಲಿನಲ್ಲಿ ಎದ್ದು ನಿಂತರು. ನಾನು ಮೆಟ್ಟಿಲು ಹತ್ತಿದೆ. ಅವನು ನಗುತ್ತ, ಮಳೆ ಬಂದೀತೇನು ಅನ್ನುತ್ತ, ಕೈ ಚಾಚಿ ನನ್ನ ಹೆಗಲಿನಿಂದ ನನ್ನದೇ ವಲ್ಲಿ ತೆಗೆದ. ತನ್ನ ಬಲಗೈ ಮೇಲೆ ಹಾಸಿದ. ಕಾದ.

ಒಂದು ಉಸಿರಿನಷ್ಟು ಹೊತ್ತು ನನಗೆ ಸಿಕ್ಕಿತ್ತು. ಕೈ ಹಿಂದೆ ಎಳೆದುಕೊಳ್ಳಬಹುದಿತ್ತು. ಆದರೆ ದಲ್ಲಾಳಿಗೆ ಚಾಚಿದ ವಲ್ಲಿ ಕಂಡರೆ ಕೈ ತಾನಾಗಿ ಹೋಗುತ್ತದೆ. ಅದೂ ಅಲ್ಲದೆ, ಸುಳ್ಳು ಯಾಕೆ ಬರೆಯಲಿ, ನಿನ್ನೆ ಗೆದ್ದ ಅಮಲು ಇತ್ತು. ಅಂಡಿಗೆ ಹೊತ್ತವನಿಗೆ ಸಾಹುಕಾರ ಸರಿಸಮನಾಗಿ ವಲ್ಲಿ ಹಾಸಿದ್ದ. ಕೈ ಹೋಯಿತು.

ಅವನು ಮೂರು ಹಿಡಿದ. ನಾನು ಕೊಡವಿದೆ. ಎರಡೂ ಮುಕ್ಕಾಲು ಹಿಡಿದ. ಕೊಡವಿದೆ. ಆಮೇಲೆ ನಿಧಾನವಾಗಿ ಎರಡು ಬೆರಳು, ಮೂರನೆಯದರ ನಡುಗೆಣ್ಣಿಗೆ ಉಗುರು. ಎರಡೂವರೆ! ನಾವು ಕೇಳಿದ್ದು ಪೂರ್ತಿ. ಆ ಗಳಿಗೆಯಲ್ಲಿಯೇ ಅವನು ನನ್ನ ಹೆಬ್ಬೆರಳನ್ನು ಜೋರಾಗಿ ಅದುಮಿ ಮೇಲಕ್ಕೆತ್ತಿದ. ಕೆಂಡ ಮುಟ್ಟಿದವನ ಹಾಗೆ ಬೆರಳು ಬಿಡಿಸಿಕೊಂಡೆ. ಬಿಡಿಸಿಕೊಂಡದ್ದು ಒಳಗೆ. ಹೊರಗೆ ಕಂಡದ್ದು ಬದಿಯಿಂದ ಮೇಲಕ್ಕೆದ್ದ ಒಂದು ಸುಕ್ಕು.

"ಎರಡೂವರೆ!" ಅಂತ ಕೂಗುತ್ತ ಕೆಳಗಿಳಿದೆ.

ಯಾರೂ ಕೂಗಲಿಲ್ಲ. ಹೆಬ್ಬೆರಳಿನ ಸುಕ್ಕು ಹೇಗೆ ಏಳುತ್ತದೆ ಅಂತ ಸಂತೆ ಕಂಡವರಿಗೆಲ್ಲ ಗೊತ್ತಿತ್ತು.

ಮೀಸೆಯವನು ಕೇಳಿದ: "ಅದು ಚೀಲದ್ದಾತು. ಹೆಬ್ಬಟ್ಟಿಂದೇನು?"

"ಬ್ಯಾಡ ಅಂದೆ. ಬೆರಳು ಬಿಡಿಸಿಕೊಂಡೆ."

"ಹಂಗೇನು! ವಲ್ಲಿ ಕೆಳಗ ಬ್ಯಾಡ ಅಂದಿಯಾ? ನಮಗ ಹೆಂಗ ಕಾಣಬೇಕೋ ಮಾರಾಯಾ, ನಮ್ಮ ಕಣ್ಣಾಗೇನು ತೂತು ಕೊರಿಯೋ ಬೈರಿಗಿ ಅದಾವೇನು?"

ನಾಲ್ಕು ಜನ ನಕ್ಕರು, ಆ ನಗೆಯಲ್ಲಿ ಸಂತೋಷವಿರಲಿಲ್ಲ. ನಾನು ಚಾಚಾನ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಮೆಟ್ಟಿಲ ಮೇಲೆ ಬಿದ್ದಿದ್ದ ವಲ್ಲಿಯನ್ನು ನೋಡುತ್ತಿದ್ದರು.

"ಚಾಚಾ, ನೀವರ ಹೇಳ್ರಿ."

"ಏನು ಹೇಳ್ಲಿ ಬೇಟಾ? ನಾ ಸುಕ್ಕು ನೋಡೀನಿ. ಕೈ ನೋಡಿಲ್ಲ." ಮೆಟ್ಟಿಲ ಕಡೆ ಕೈ ತೋರಿಸಿ, "ವಲ್ಲಿ ಯಾಕ ಬಂತು ನಡುವ? ನಮ್ಮ ಮಾತು ಅದು. ನಮ್ಮ ಮುಂದ ಆಡಬೇಕಿತ್ತಿಲ್ಲೋ," ಅಂದರು.

ಆ ದಿನವೇ ಸಂಘ ಎರಡಾಯಿತು. ಮರುದಿನ ಬೆಳಿಗ್ಗೆ ಅರ್ಧ ಜನ ಕೆಲಸಕ್ಕೆ ಹೋದರು. ತಕ್ಕಡಿಗೆ ಇಟ್ಟ ಚೀಲ ಮೂರೇ ಮಣ ತೂಗಿತು. ನಾನು ಓಡಿಹೋಗಿ ಕೇಳಿದರೆ ಸಾಹುಕಾರ ಕಣ್ಣು ಅರಳಿಸಿದ.

"ಎರಡೂವರಿ? ಯಾರಂದ್ರು? ನಾ ಮೂರು ಹಿಡದಿದ್ದೆ. ನಿನ್ನ ಕೈಗೆ ಗೊತ್ತಾಗಲಿಲ್ಲ ಅಂದ್ರ ನಾ ಏನು ಮಾಡ್ಲೆಪ್ಪಾ?"

ಆಗ ತಿಳಿಯಿತು. ಅವನು ಬೆರಳಿನಿಂದ ಕೊಟ್ಟದ್ದು ಚೀಲಕ್ಕಲ್ಲ. ವಲ್ಲಿ ಹಾಸಿದ್ದೇ ನನ್ನನ್ನೂ ನನ್ನವರನ್ನೂ ಬೇರೆ ಮಾಡಲಿಕ್ಕೆ. ಎರಡೂವರೆ ಅಂದರೂ, ಒಂದೂವರೆ ಅಂದರೂ ಅವನಿಗೆ ಒಂದೇ ಆಗಿತ್ತು.

ನಾನು ಬಸ್ಸು ಹಿಡಿದು ಲಿಂಗಸುಗೂರಿಗೆ ಹೋದೆ. ಅಲ್ಲಿನ ಕಚೇರಿಯಲ್ಲಿ ಇಂಥ ತಕರಾರು ಕೇಳುವ ಒಬ್ಬ ದೊಡ್ಡ ಸಾಹೇಬರಿದ್ದರು. ಅರ್ಜಿ ಬರೆಸಿದೆ. ಗುಮಾಸ್ತ ಹಳೆಯ ಉರ್ದು ಕಾಲದವನು, ಕನ್ನಡಕ ಹಣೆಗೇರಿಸಿ ಓದಿದ.

"ಒಪ್ಪಿಗಿ ಆಗೇದ ಅಂತೀರಿ. ಕಾಗದ ಎಲ್ಲಿ?"

"ಕಾಗದಿಲ್ರೀ."

"ಗವಾ? ಸಾಕ್ಷಿ ಯಾರು?"

"ನಲವತ್ತು ಮಂದಿ ಇದ್ರು."

"ಕಂಡಾರೇನು?"

"ಇಲ್ರೀ... ವಲ್ಲಿ ಕೆಳಗ ಆತು ಮಾತು."

ಅವನು ಪಕ್ಕದವನಿಗೆ ಹೇಳಿ ಇಬ್ಬರೂ ನಕ್ಕರು. "ಹಂಗಾದ್ರ ಆ ವಲ್ಲೀನ ಕರಕೊಂಡು ಬರ್ರಿ, ಹೇಳಿಕಿ ಬರಕೋತೀನಿ."

ಬಸ್ಸಿನಲ್ಲಿ ವಾಪಸು ಬರುವಾಗ ಮೊದಲ ಸಲ ನನಗೆ ನನ್ನ ಕಸುಬಿನ ಮೇಲೆ ನಾಚಿಕೆಯಾಯಿತು. ಎತ್ತಿನ ವ್ಯಾಪಾರದಲ್ಲಿ ಇಬ್ಬರದೇ ಮಾತು, ಮುಚ್ಚಿದರೆ ನಡೆಯುತ್ತದೆ. ಇಲ್ಲಿ ಮಾರಾಟಕ್ಕಿದ್ದದ್ದು ನಲವತ್ತು ಜನರ ಬೆನ್ನು, ಅದನ್ನು ನಾನು ಎತ್ತಿನ ಹಾಗೆ ಬಟ್ಟೆಯ ಕೆಳಗೆ ಮಾತಾಡಿದ್ದೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಅವ್ವ ಏನೂ ಕೇಳುತ್ತಿರಲಿಲ್ಲ, ಸಂತೆಯಲ್ಲಿ ಎತ್ತುಗಳಿಗೇನೂ ಬರವಿರಲಿಲ್ಲ. ಇಳಿಯಲಿಲ್ಲ. ಚಾಚಾನ ಮಂಡಿ ನೆನಪಿಗೆ ಬಂದು ಕೂತೇ ಇದ್ದೆ.

ಮರುದಿನ ಬೆಳಿಗ್ಗೆ ಬಯಲಿಗೆ ಹೋದಾಗ ಗಾಳಿ ನಿಂತಿತ್ತು, ಮೋಡ ತಲೆಗೆ ತಾಗುವ ಹಾಗೆ ಇಳಿದಿತ್ತು. ಕೆಲಸಕ್ಕೆ ಹೋದ ಅರ್ಧ ಜನರಿಂದ ಕಾಲು ಭಾಗ ಚೀಲವೂ ಒಳಗೆ ಹೋಗಿರಲಿಲ್ಲ. ನಾನು ಹಮಾಲರ ನಡುವೆ ಹೋಗಿ ಅಂಗಿ ಬಿಚ್ಚಿದೆ. ಅವತ್ತು ಮೆಟ್ಟಿಲಿನಿಂದ ಎತ್ತಿಕೊಂಡಿದ್ದ ವಲ್ಲಿಯನ್ನು ಚಾಚಾನ ಕೈಗಿಟ್ಟೆ.

"ಇದನ್ನ ನೀವು ಹಿಡಕೋರ್ರಿ. ತಪ್ಪು ನಂದು. ಮೊನ್ನೆ ಏನಾತು ಅಂತ ನಾ ಹೇಳಂಗಿಲ್ಲ, ಹೇಳಿದ್ರೂ ನೀವು ನಂಬಬ್ಯಾಡ್ರಿ. ಇವತ್ತು ಏನಾಗತದ ಅಷ್ಟ ನೋಡ್ರಿ."

"ಬರಿ ಮೈಲೆ ಹೊಂಟಾನ, ಕುಸ್ತಿ ಹಿಡಿತಾನ ಕಾಣತದ," ಅಂದ ಮೀಸೆಯವನು. ಆದರೆ ಎದ್ದು ನನ್ನ ಹಿಂದೆ ಬಂದ. ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಕೆಲಸಕ್ಕೆ ಹೋಗಿದ್ದವರೂ ಚೀಲ ಇಳಿಸಿ ಬಾಗಿಲಿಗೆ ಬಂದು ನಿಂತರು.

ಮೆಟ್ಟಿಲಿನಿಂದ ಹತ್ತು ಮಾರು ದೂರದಲ್ಲಿ, ಎರಡೂ ಕೈ ತಲೆಯ ಮೇಲೆತ್ತಿ ನಿಂತು ಕೂಗಿದೆ: "ಸಾವ್ಕಾರ್ರ, ಎರಡೂವರಿ ಮಣ!"

ಅವನು ಹೊರಗೆ ಬಂದ. ಆಕಾಶ ನೋಡಿದ. ಅಕ್ಕಪಕ್ಕದ ಅಂಗಡಿಗಳ ಸಾಹುಕಾರರೂ ಕಟ್ಟೆಗೆ ಬಂದು ನಿಂತಿದ್ದರು. ಮೆಲ್ಲಗೆ ಏನೋ ಅಂದ.

"ಕೇಳಸಲಿಲ್ರೀ! ಆ ಹಿಂದಿನ ಗಾಡಿಯಾಂವಗೂ ಕೇಳಬೇಕು!"

ಗಾಡಿಗಳ ಸಾಲಿನಿಂದ ಒಬ್ಬ ರೈತ ಕೂಗಿದ: "ಹೌದ್ರೀ ಸಾವ್ಕಾರ್ರ, ಜ್ವಾಳ ನಮ್ದು ಐತಿ ಗಾಡ್ಯಾಗ, ನಮಗೂ ತಿಳೀಲಿ!"

"ಮೂರು," ಅಂದ ಸಾಹುಕಾರ. ಗಂಟಲು ಒಡೆದಿತ್ತು. ಅವನಿಗೆ ಕೂಗಿ ರೂಢಿಯಿರಲಿಲ್ಲ.

"ಎರಡೂವರಿ!"

ನನ್ನ ಬರಿ ಹೆಗಲ ಮೇಲೆ ಒಂದು ಹನಿ ಬಿತ್ತು. ಇನ್ನೊಂದು ಹನಿ ಧೂಳಿನಲ್ಲಿ ತೂತು ಮಾಡಿತು. ಎಲ್ಲರೂ ಮೇಲೆ ನೋಡಿದರು. ಸಾಹುಕಾರ ಎರಡು ಮೆಟ್ಟಿಲು ಇಳಿದು ಬಂದ, ಈ ಸಲ ನಿಜವಾಗಿಯೂ ಕೂಗಿದ.

"ಎರಡೂ ಮುಕ್ಕಾಲು! ಅದರ ಕೆಳಗ ಇಳದ್ರ ಈ ಕಟ್ಟಿ ಮ್ಯಾಲ ನಿಂತವರು ನನ್ನ ನಾಳಿ ಊರಾಗ ಇಡಂಗಿಲ್ಲ!"

ಅವನ ಕಣ್ಣು ನೋಡಿದೆ. ಅದು ನಿಜವಾದ ಗೆರೆ. ಮುಚ್ಚಿದ ಕೈಯಲ್ಲಿ ಅವನು ಏನು ಬೇಕಾದರೂ ಕೊಡಬಹುದಿತ್ತು, ನಾಳೆ ಇಲ್ಲ ಅನ್ನಬಹುದಿತ್ತಲ್ಲ. ಉಳಿದ ಸಾಹುಕಾರರ ಎದುರು ಬಾಯಿಬಿಟ್ಟು ಹೇಳಿದ್ದನ್ನು ಅವನು ನಡೆಸಲೇಬೇಕು, ಅದಕ್ಕೇ ಅಷ್ಟೇ ಹೇಳಿದ. ಇದನ್ನು ಕಿವಿಯಲ್ಲಿಟ್ಟುಕೊಳ್ಳಿ, ಚೌಕಾಸಿಗೆ ಹೋಗುವವರಿಗೆಲ್ಲ ಬೇಕಾಗುತ್ತದೆ: ಎದುರಿನವನು ಸುಲಭವಾಗಿ ಕೊಟ್ಟರೆ ಅದು ನಿಮಗೆ ಸಿಕ್ಕಿಲ್ಲ.

ಆದರೆ ಎರಡೂ ಮುಕ್ಕಾಲು ಮಣ ಹೊತ್ತು ಚಾಚಾ ಹಲಗೆ ಹತ್ತಲಾರರು. ನನಗೆ ಗೊತ್ತಿತ್ತು. ಹಿಂದೆ ನಿಂತ ಎಲ್ಲರಿಗೂ ಗೊತ್ತಿತ್ತು.

"ಕಾಲು ಮಣ ಬಿಡತೀನಿ," ಅಂತ ಕೂಗಿದೆ. "ಆದ್ರ ಒಂದು ಮಾತು. ಚೀಲ ಹೊಲಿಯೂಕಿಂತ ಮೊದಲ ತಕ್ಕಡಿಗಿ ಏರಬೇಕು. ತಕ್ಕಡಿ ಬಾಜು ಸಂಘದ ಮನುಷ್ಯಾ ಒಬ್ಬಾಂವ ದಿನಾ ನಿಲ್ಲಬೇಕು. ಅವಗ ಹಮಾಲಿ ಪಾಲು ಎಲ್ಲಾರಷ್ಟ. ಅವ ತಗೀ ಅಂದ್ರ ಜ್ವಾಳ ತಗೀಬೇಕು!"

ಹನಿಗಳು ಹತ್ತಿರ ಹತ್ತಿರ ಬೀಳತೊಡಗಿದವು. "ಆತು! ಆತಪ್ಪಾ, ಎತ್ತರೀ!" ಅಂದ ಸಾಹುಕಾರ. ಕಟ್ಟೆಯ ಮೇಲಿದ್ದವರು ಕೇಳಿದರು, ಗಾಡಿಯವರು ಕೇಳಿದರು.

ನಾನು ತಿರುಗಿದೆ. ಯಾರೂ ಕದಲಿರಲಿಲ್ಲ.

"ಆ ಮನುಷ್ಯಾ ಯಾರು?" ಕೇಳಿದವರು ಚಾಚಾ. ಮುಖ ಕಪ್ಪಿಟ್ಟಿತ್ತು. "ನಾನ ಏನು? ಇವರೆಲ್ಲರ ಬೆನ್ನ ಮ್ಯಾಲ ಕಾಲು ಮಣ ಹೇರಿ ನನಗ ನೆಳ್ಳು ಮಾಡಿದಿ? ನಕ್ಕೋ ರೇ. ನನಗ ಬ್ಯಾಡ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಅವರಿಗಾಗಿಯೇ ಕೇಳಿದ್ದೆ. ಹಾಗಂತ ತಕ್ಕಡಿಯ ಪಕ್ಕ ಕಾವಲಿಲ್ಲದಿದ್ದರೆ ಎರಡೂ ಮುಕ್ಕಾಲು ತಿಂಗಳೊಳಗೆ ಮತ್ತೆ ಮೂರಾಗುತ್ತಿತ್ತು, ಅದೂ ಸುಳ್ಳಲ್ಲ. ಕೊನೆಗೆ ಅಂದೆ: "ಯಾರು ಅಂತ ನಾ ಹೇಳಂಗಿಲ್ಲ. ಅವರ ಹೇಳಲಿ. ಕೈ ಎತ್ತಿ ಹೇಳಲಿ."

ಮಳೆ ಜೋರಾಗುತ್ತಿತ್ತು. ಮೀಸೆಯವನು ಮೂಗು ಒರೆಸಿಕೊಂಡ. "ಹಲಗಿ ನಡುವ ಈ ಮುದುಕ ನಿಂತ್ರ ನಾ ಹಿಂದ ಚೀಲ ಹೊತ್ತು ನಿಲ್ಲಬೇಕು. ಕಾಲು ಮಣ ಹೆಚ್ಚಿಗಿ ಹೊರತೀನಿ, ಹಂಗ ನಿಲ್ಲಂಗಿಲ್ಲ," ಅಂತ ಕೈ ಎತ್ತಿದ. ಕೆಲವರು ನಕ್ಕರು. ಕೈಗಳು ಎದ್ದವು. ಎಲ್ಲವೂ ಅಲ್ಲ, ಆರೇಳು ಜನ ಕೆಳಗೆ ನೋಡುತ್ತ ನಿಂತರು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ, ಅವರ ಕೈ ಯಾಕೆ ಏಳಲಿಲ್ಲ ಅಂತ ಯಾವತ್ತೂ ಕೇಳಲಿಲ್ಲ. ಮರುಗಳಿಗೆಯಲ್ಲಿ ಎಲ್ಲರೂ ಚೀಲಗಳ ಕಡೆ ಓಡಿದರು. ನಾನೂ ಓಡಿದೆ. ಚಾಚಾ ನನ್ನ ವಲ್ಲಿಯನ್ನು ತಲೆಗೆ ಸುತ್ತಿಕೊಂಡು ತಕ್ಕಡಿಯ ಕಡೆ ಹೋದರು.

ಮುಂದಿನ ವರ್ಷ ಮೊದಲ ದೊಡ್ಡ ಚುನಾವಣೆ ಬಂತು. ಹೈದರಾಬಾದಿನ ವಿಧಾನಸಭೆಗೆ ನಾನು ನಿಂತೆ. ಸಿಂಧನೂರು ಪೇಟೆಯ ಕೆಲಸದ ಜನ ನನ್ನವರು ಅಂತ ಎದೆಯುಬ್ಬಿಸಿ ಹೇಳಿಕೊಂಡು ಹಳ್ಳಿಹಳ್ಳಿ ತಿರುಗಿದೆ, ಮುಕ್ಕುಂದದ ತನಕ ನಡೆದೇ ಹೋದೆ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಗಳೆಲ್ಲ ಪರದೆಯ ಹಿಂದೆ. ಚೀಟಿ ಹಿಡಿದು ಒಳಗೆ ಹೋದವನು ಯಾವ ಪೆಟ್ಟಿಗೆಗೆ ಹಾಕಿದ ಅಂತ ದೇವರಿಗೂ ತಿಳಿಯದು. ನಾನು ಶಾಲೆಯ ಎದುರು, ದೂರದಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಹಮಾಲರು ಒಬ್ಬೊಬ್ಬರಾಗಿ ಹೋದರು. ಪರದೆ ಅಲುಗಾಡುತ್ತಿತ್ತು. ಸಂತೆಯಲ್ಲಿ ಸುಕ್ಕು ಓದುತ್ತಿದ್ದ ಕಣ್ಣಿನಿಂದ ಆ ಬಟ್ಟೆಯನ್ನು ಎಷ್ಟು ನೋಡಿದರೂ ಏನೂ ಓದಲಾಗಲಿಲ್ಲ.

ಚಾಚಾ ಹೊರಗೆ ಬಂದಾಗ ತಡೆಯಲಾಗದೆ ಕೇಳಿಯೇಬಿಟ್ಟೆ: "ಯಾರಿಗಿ ಹಾಕಿದ್ರಿ ಚಾಚಾ?"

ಅವರು ನನ್ನನ್ನು 'ಇದು ಕೇಳುವ ಮಾತೇ' ಅನ್ನುವ ಹಾಗೆ ನೋಡಿದರು. "ಬಟ್ಟಿ ಹಿಂದ ಹೋಗಿತ್ತಲಾ ಕೈ. ನಿನಗ್ಯಾಕ ಹೇಳ್ಲಿ?"

ಸೋತೆ. ಚೆನ್ನಾಗಿಯೇ ಸೋತೆ. ಯಾವ ಊರು ಕೈಬಿಟ್ಟಿತು ಅಂತ ಹುಡುಕುತ್ತ ಕೂರಲಿಲ್ಲ. ಆ ಪರದೆಯ ಅಲುಗಾಟವೊಂದೇ ಕಣ್ಣ ಮುಂದಿತ್ತು.

ಅಲ್ಲಿಂದ ಮುಂದೆ ಸಂಘದ ಪ್ರತಿ ಮಾತುಕತೆಯನ್ನೂ ಬಯಲಿನಲ್ಲಿಯೇ ಮಾಡಿದೆ. ಸಾಹುಕಾರರು ಮೊದಲು ಸಿಟ್ಟಾದರು, ಆಮೇಲೆ ನಕ್ಕರು, ಆಮೇಲೆ ಕುರ್ಚಿ ಹೊರಗೆ ಹಾಕಿಸಿದರು. ಕಾಲುವೆಗೆ ನೀರು ಬಂತು. ಜೋಳದ ಜೊತೆಗೆ ಭತ್ತದ ಚೀಲಗಳೂ ಬರತೊಡಗಿದವು, ತೂಕ ಎರಡೂ ಮುಕ್ಕಾಲೇ ಉಳಿಯಿತು. ಎರಡು ವರ್ಷದ ಮೇಲೆ ಎರಡೂವರೆಯೂ ಆಯಿತು, ಕೂಗಿಯೇ. ಆ ಹೊತ್ತಿಗೆ ಚಾಚಾನ ಮಂಡಿ ನೆಟ್ಟಗಾಗದಷ್ಟು ಹೋಗಿತ್ತು. ಎರಡೂವರೆಯೂ ಅವರಿಗೆ ಉಪಯೋಗಕ್ಕೆ ಬರಲಿಲ್ಲ. ತಕ್ಕಡಿಯ ಪಕ್ಕ ಒಂದು ಮುರುಕು ಸ್ಟೂಲಿನ ಮೇಲೆ ಕೂತು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು.

ಹೈದರಾಬಾದ್ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರುತ್ತದೆ ಅಂತ ಎಲ್ಲರೂ ಮಾತಾಡುತ್ತಿದ್ದ ವರ್ಷ ಸಿಂಧನೂರಿನ ಊರಾಡಳಿತಕ್ಕೆ ನಿಂತು ಗೆದ್ದೆ. ಕೊರಳಲ್ಲಿ ಹಾರ ಹಾಕಿಕೊಂಡೇ ಅಂಗಡಿಗೆ ಹೋದೆ. ಚಾಚಾ ಸ್ಟೂಲಿನ ಮೇಲಿದ್ದರು. ತಲೆಯ ಮೇಲೆ ಅದೇ ವಲ್ಲಿ, ಅವ್ವನ ಹೊಲಿಗೆ ಇನ್ನೂ ಬಿಟ್ಟಿರಲಿಲ್ಲ.

"ಈ ಸಲ ನಿನಗ ಹಾಕೀನಿ," ಅಂದರು. ನಾನು ಕೇಳಿರಲಿಲ್ಲ. "ಹ್ವಾದ ಸಲ ಹಾಕಿದ್ದಿಲ್ಲ."

ಹಾರ ತೆಗೆದು ಕೈಯಲ್ಲಿ ಹಿಡಿದೆ. "ಹೆಬ್ಬಟ್ಟಿನ ಸಲುವಾಗೇನು ಚಾಚಾ?"

"ಛೆ. ನೀ ತಗೊಂಡಿಲ್ಲ ಅಂತ ಆವತ್ತ ಗೊತ್ತಿತ್ತು. ಮಸ್ಕ್ಯಾಗ ನಮ್ಮ ಮಂದೀನ ಉಳಸಿದ ಕೈ ಅದು, ನನಗ ಗೊತ್ತಾಗಂಗಿಲ್ಲೇನು?"

"ಮತ್ತ?"

"ಹ್ವಾದ ಸಲ ಗೆದ್ದಿದ್ರ ಹೈದರಾಬಾದಿಗಿ ಹೋಗತಿದ್ದಿ. ಅಲ್ಲಿ ಯಾರರ ನಗಾಡಕೋತ ವಲ್ಲಿ ಹಾಸಿದ್ರ ನಿನ್ನ ಕೈ ಮತ್ತ ಹೋಗತಿತ್ತು. ಅಲ್ಲಿ ನೋಡಾಕ ನಾ ಇರತಿದ್ದಿಲ್ಲ." ತಕ್ಕಡಿಯ ಕಡೆ ತಿರುಗಿದರು. "ಈಗ ಇಲ್ಲೇ ಇರತಿ. ದಿನಾ ನೋಡತೀನಿ."

ಅಷ್ಟರಲ್ಲಿ ಒಂದು ಚೀಲ ತಕ್ಕಡಿಗೆ ಏರಿತು, ಚೀಲವಿದ್ದ ತಟ್ಟೆ ಒಂದು ಬೆರಳಿನಷ್ಟು ಕೆಳಗೆ ವಾಲಿತು.

"ಹೆಚ್ಚೈತಿ," ಅಂದರು ಚಾಚಾ. "ತಗೀರಿ."

ತೂಕದವನು ಬಗ್ಗಿ ಎರಡು ಬೊಗಸೆ ಭತ್ತ ತೆಗೆದ.